ಗೋಡೆಯ ಆಚೆಗಿನ ಸಿನಿಮಾ

ಸಿನಿಮಾ ನೋಡುವಾಗ ನನ್ನ ಕೈ ಸುಮ್ಮನಿರುವುದಿಲ್ಲ. ಪರದೆಯ ಮೇಲೆ ಹೀರೋ ಯಾರನ್ನಾದರೂ ಎತ್ತಿ ಒಗೆಯುತ್ತಿರಲಿ, ಹೀರೋಯಿನ್ ಹಿಮದ ಗುಡ್ಡದ ಮೇಲೆ ತೆಳ್ಳನೆಯ ಸೀರೆಯಲ್ಲಿ ನಡುಗದೆ ಕುಣಿಯುತ್ತಿರಲಿ, ನನ್ನ ಬಲಗೈ ಮಾತ್ರ ಪಾಪ್‌ಕಾರ್ನ್ ಪೊಟ್ಟಣದೊಳಗೆ ಇಳಿದು ಅರಳದೆ ಉಳಿದ ಕಾಳುಗಳನ್ನು ಹುಡುಕಿ ಎಡಗೈಗೆ ದಾಟಿಸುತ್ತಿರುತ್ತದೆ. ಇಂಟರ್ವಲ್ ಹೊತ್ತಿಗೆ ಎಡಗೈ ಮುಷ್ಟಿ ತುಂಬಿರುತ್ತದೆ. ಮೊನ್ನೆ ಪಕ್ಕದಲ್ಲಿ ಕೂತಿದ್ದ ಮಗಳು ತಡೆಯಲಾರದೆ, "ಮಮ್ಮಿ, ಇದನ್ನ ತಿನ್ನಾಕ ತಂದೀವೋ, ಹಸನ ಮಾಡಾಕ ತಂದೀವೋ?" ಎಂದು ಕೇಳಿಯೇಬಿಟ್ಟಳು.

ಅವಳಿಗೇನು ಗೊತ್ತು? ನಾನು ಸಿನಿಮಾ ಎಂಬುದನ್ನು ಮೊದಲು ಅರಿತದ್ದೇ ತೊಗರಿ ಹಸನು ಮಾಡುತ್ತ. ಕೈಯಲ್ಲಿ ಹರಳು, ಕಿವಿಯಲ್ಲಿ ಕಥೆ. ಇವೆರಡೂ ಕೂಡಿಯೇ ಬಂದದ್ದರಿಂದ ಈಗ ಬೇರೆ ಮಾಡಲು ಆಗುತ್ತಿಲ್ಲ. ಜಹೀರಾಬಾದಿನ ತಂಪು ಟಾಕೀಸಿನಲ್ಲಿ ಕುಳಿತರೂ ನನ್ನ ಬೆರಳುಗಳು ಮಾತ್ರ ನ್ಯಾಲ್ಕಲ್ ಕಡೆಯ ನಮ್ಮ ಹಳ್ಳಿಯ ಪಡಸಾಲೆಯಲ್ಲೇ ಇರುತ್ತವೆ.

ಆ ಪಡಸಾಲೆಗೆ ಸಿನಿಮಾ ಬರುತ್ತಿದ್ದದ್ದು ವರ್ಷಕ್ಕೊಮ್ಮೆ, ತೊಗರಿ ರಾಶಿಯಾದ ಮೇಲೆ, ನಾರಾಯಣಖೇಡದ ಜೀಪಿನಲ್ಲಿ. ಜೀಪಿನಿಂದ ಇಳಿಯುತ್ತಿದ್ದದ್ದು ನಮ್ಮ ಮಹಾನಂದತ್ತೆ, ಅಪ್ಪನ ತಂಗಿ. ಆಕೆಯನ್ನು ಕೊಟ್ಟದ್ದು ನಾರಾಯಣಖೇಡದ ಒಂದು ಕಿರಾಣಿ ಅಂಗಡಿಯವರ ಮನೆಗೆ. ಒಳ್ಳೆಯ ಜನ, ಆದರೆ ಕಟ್ಟುನಿಟ್ಟು. ಹೆಣ್ಣುಮಕ್ಕಳು ಗುಡಿಗೆ ಹೋಗಬಹುದು, ತವರಿಗೆ ಹೋಗಬಹುದು, ಟಾಕೀಸಿಗೆ ಮಾತ್ರ ಕಾಲಿಡುವಂತಿಲ್ಲ. ಇದರಲ್ಲಿ ತಮಾಷೆಯೇನೆಂದರೆ ಆ ಮನೆಯ ಅಡುಗೆಮನೆಗೂ ಊರಿನ ಟಾಕೀಸಿಗೂ ಇದ್ದದ್ದು ಒಂದೇ ಗೋಡೆ. ಈಚೆ ಒಲೆ, ಆಚೆ ಪರದೆ. ಅತ್ತೆ ರೊಟ್ಟಿ ಬಡಿಯುವಾಗ ಆಚೆ ಹೀರೋ ಖಳನಾಯಕನನ್ನು ಬಡಿಯುತ್ತಿದ್ದ. ಮಾವನವರು ಸೊಸೆಯ ಕಾಲನ್ನು ತಡೆದರೇ ಹೊರತು ಕಿವಿಯನ್ನು ತಡೆಯಲಾರದೆ ಹೋದರು. ಅದೇ ಸಿನಿಮಾವನ್ನು ದಿನವೂ ಕೇಳಿ ಕೇಳಿ, ಅಂಗಡಿಗೆ ಹೋಗುವ ದಾರಿಯಲ್ಲಿ ಪೋಸ್ಟರನ್ನು ಓರೆಗಣ್ಣಿನಲ್ಲಿ ನೋಡಿ, ಉಳಿದದ್ದನ್ನು ತಾನೇ ಕೂಡಿಸಿಕೊಂಡು ಅತ್ತೆ ಒಂದೊಂದು ಸಿನಿಮಾವನ್ನೂ ಇಡಿಯಾಗಿ ಕಟ್ಟಿಟ್ಟುಕೊಳ್ಳುತ್ತಿದ್ದಳು. ಒಂದನ್ನೂ ಕಣ್ಣಿನಿಂದ ನೋಡಿರಲಿಲ್ಲ.

ಅವಳ ಬಾಯಲ್ಲಿ ತೆಲುಗು ಸಿನಿಮಾ ಅಪ್ಪಟ ನಮ್ಮೂರಿನ ಕನ್ನಡದ್ದಾಗಿ ಹೊರಬರುತ್ತಿತ್ತು. ಹೈದರಾಬಾದಿನ ಬಂಗಲೆಯಲ್ಲಿ ಕಾರಿನಿಂದಿಳಿದ ಹೀರೋಯಿನ್, "ಪುಂಡಿಪಲ್ಯ ಮಾಡೀನಿ, ಉಂಡು ಹೋಗ್ರಿ" ಎನ್ನುತ್ತಿದ್ದಳು. ಎಲ್ಲ ಹೀರೋಯಿನ್ನರೂ ನಾರಾಯಣಪೇಟೆ ಸೀರೆಯವರೇ. ಬಣ್ಣವನ್ನು ಅತ್ತೆ ತನ್ನ ಮನಸ್ಸಿಗೆ ಬಂದಂತೆ ಹಂಚುತ್ತಿದ್ದಳು. ಅವಳ ಸಿನಿಮಾಗಳಲ್ಲಿ ಹಾಡುಗಳೇ ಇರಲಿಲ್ಲ. ನಾನೊಮ್ಮೆ ಯಾಕೆಂದು ಕೇಳಿದ್ದಕ್ಕೆ, "ಹಾಡು ಬಂದಾಗ ನಾ ನೀರಿಗಿ ಹೋಗ್ತಿದ್ದೆ. ಹಾಡಿನಾಗ ಏನು ಕಥಿ ನಡೀತದ? ಇಬ್ಬರೂ ಸುಮ್ಮನ ಓಡಾಡ್ತಾರ" ಎಂದಿದ್ದಳು. ಆಮೇಲೆ ನಾನು ನೋಡಿದ ನೂರಾರು ಹಾಡುಗಳಲ್ಲಿ ಅವರು ಓಡಾಡಿದ್ದು ನಿಜ. ಗೋಡೆಯಾಚೆಯಿಂದ ಅದು ಅವಳಿಗೆ ಹೇಗೆ ತಿಳಿಯಿತೋ ಕಾಣೆ.

ಅತ್ತೆಯ ಸಿನಿಮಾಗಳಿಗೆ ಇನ್ನೊಂದು ಗುಣವಿತ್ತು. ಎಲ್ಲವೂ ಮದುವೆಯಲ್ಲೇ ಮುಗಿಯುತ್ತಿದ್ದವು. ಎಷ್ಟೇ ಹೊಡೆದಾಟ, ಎಷ್ಟೇ ಅಳು, ಎಷ್ಟೇ ಗುಂಡಿನ ಸಪ್ಪಳ ಇದ್ದರೂ ಕಡೆಗೆ ಶಹನಾಯಿ ಊದಿಸಿಯೇ ತೀರುತ್ತಿದ್ದಳು. ಮೊರವನ್ನು ಕೆಳಗಿಟ್ಟು, ಎರಡೂ ಕೈ ಬಾಯಿಗೆ ಹಚ್ಚಿ ತಾನೇ ಪೀಪೀ ಎಂದು ಊದುವಳು. ಆಗ ನಾವು ಸಿನಿಮಾ ಮುಗಿಯಿತೆಂದು ತಿಳಿದು ಕಾಲು ಜಾಡಿಸಿ ಏಳುತ್ತಿದ್ದೆವು.

ಅವುಗಳಲ್ಲಿ ರಾಜನಂಥದ್ದು ರೈಲಿನ ಸಿನಿಮಾ. ಅದರ ನಿಜವಾದ ಹೆಸರನ್ನು ನಾನು ಹೇಳುವುದಿಲ್ಲ, ಹೇಳಿದರೆ ನೀವೂ ಜಗಳಕ್ಕೆ ಬರುತ್ತೀರಿ. ಹೀರೋ ರೈಲ್ವೆ ಸ್ಟೇಷನ್ನಿನ ಕೂಲಿ. ತಾಯಿಗೆ ಒಬ್ಬನೇ ಮಗ. ಸ್ಟೇಷನ್ ಎದುರಿನ ಚಹಾದಂಗಡಿಯ ಹುಡುಗಿಗೆ ಮಾತು ಕೊಟ್ಟಿದ್ದಾನೆ. ಕಡೆಯಲ್ಲಿ ರೈಲು ಕೂಗುತ್ತದೆ, ಗುಂಡು ಹಾರುತ್ತದೆ, ತಾಯಿ "ಮಗನೇ" ಎಂದು ಚೀರುತ್ತಾಳೆ. ಅಷ್ಟಾದ ಮೇಲೆ ಅತ್ತೆ ಒಂದು ಗುಟುಕು ನೀರು ಕುಡಿದು ಹೇಳುತ್ತಿದ್ದಳು. "ಗುಂಡು ಭುಜಕ್ಕ ತಗಲಿ ಹೊರಗ ಹೋಗ್ಯಾದ. ಅಂವ ಎದ್ದು ಕುಂತಾನ. ತಾಯಿ ಚೀರಿದ್ದು ಸಂತೋಷಕ್ಕ. ಅಲ್ಲೇ ನಿಂತ ಕಾಲ ಮ್ಯಾಲ ಮದ್ವಿ. ಆ ಹುಡುಗಿ ಹಸರು ಸೀರಿ ಉಟ್ಟಾಳ." ಆಮೇಲೆ ಶಹನಾಯಿ.

ಈ ಶಹನಾಯಿ ನಮ್ಮ ಮನೆಯಲ್ಲಿ ಒಂದು ಗಾದೆಯೇ ಆಗಿಹೋಯಿತು. ನಾನು ಇಂಟರ್‌ನಲ್ಲಿ, ಅಂದರೆ ನಿಮ್ಮ ಪಿಯುಸಿಯಲ್ಲಿ, ಕೆಮಿಸ್ಟ್ರಿ ಫೇಲಾಗಿ ದನದ ಕೊಟ್ಟಿಗೆಯಲ್ಲಿ ಕೂತು ಅತ್ತಾಗ ಅತ್ತೆ ಬಂದು ಪಕ್ಕದಲ್ಲಿ ಕುಕ್ಕರಿಸಿ, "ಏಳವ್ವ ಲೀಲಾ, ಶಹನಾಯಿ ಇನ್ನಾ ಆಗಿಲ್ಲ. ಬೊಮ್ಮ ನಡದದ" ಎಂದಳು. ನಮ್ಮಲ್ಲಿ ಸಿನಿಮಾಕ್ಕೆ ಬೊಮ್ಮ ಎಂದೇ ಹೇಳುತ್ತಾರೆ. ಆಕೆಯ ಮಗಳು ಸುವರ್ಣಾಳಿಗೆ ಗೊತ್ತಾದ ಸಂಬಂಧ ಮುರಿದುಬಿದ್ದಾಗಲೂ ಇದೇ ಮಾತು, ಆಕೆಯ ಗಂಡ, ನಮ್ಮ ಮಾವ, ಕಾಲು ಮುರಿದುಕೊಂಡು ಮಲಗಿದಾಗಲೂ ಇದೇ ಮಾತು. ಫೇಲಾದ ಅದೇ ಕೆಮಿಸ್ಟ್ರಿಯ ಬಲದ ಮೇಲೆ ನಾನೀಗ ಜಹೀರಾಬಾದಿನಲ್ಲಿ ಔಷಧದ ಅಂಗಡಿ ನಡೆಸುತ್ತಿದ್ದೇನೆ. ಸುವರ್ಣಾ ತಾಂಡೂರಿನಲ್ಲಿ ಗಂಡನ ಜೊತೆ ಕಲ್ಲಿನ ಪಾಲಿಷ್ ಕಾರ್ಖಾನೆ ನೋಡಿಕೊಳ್ಳುತ್ತಾಳೆ. ಮಾವ ಮತ್ತೆ ಎದ್ದು ಓಡಾಡಿದರು. ಅಂದರೆ ಶಹನಾಯಿ ಪ್ರತಿ ಸಲವೂ ಆಗಿದೆ.

ಡಿಗ್ರಿ ಓದುವಾಗ ಜಹೀರಾಬಾದಿನ ಟಾಕೀಸೊಂದರಲ್ಲಿ ಆ ಹಳೆಯ ರೈಲಿನ ಸಿನಿಮಾ ಮತ್ತೆ ಬಂತು. ಗೆಳತಿಯರನ್ನೆಲ್ಲ ನಾನೇ ಎಳೆದುಕೊಂಡು ಹೋದೆ. ಕಥೆ ನನಗೆ ಬಾಯಿಪಾಠ, ಹೀಗಾಗಿ ಮುಂದೇನಾಗುತ್ತದೆಂದು ಸಾಲು ಸಾಲಿಗೆ ಹೇಳುತ್ತ ಎಲ್ಲರಿಂದ ಬೈಸಿಕೊಂಡೆ. ರೈಲು ಕೂಗಿತು. ಗುಂಡು ಹಾರಿತು. ಹೀರೋ ಹಳಿಯ ಮೇಲೆ ಬಿದ್ದ. ತಾಯಿ ಚೀರಿದಳು. ಪರದೆಯ ಮೇಲೆ ಸಮಾಪ್ತಿ ಎಂದು ಬಿತ್ತು. ದೀಪ ಹತ್ತಿತು. ಗೆಳತಿಯರು ಮೂಗೊರೆಸಿಕೊಳ್ಳುತ್ತ ಎದ್ದರು. ನಾನು ಮಾತ್ರ ಆರಾಮವಾಗಿ ಕುರ್ಚಿಗೊರಗಿ ಕೂತಿದ್ದೆ.

"ಏಳೇ, ಮುಗೀತು" ಎಂದರು.

"ಎಲ್ಲಿ ಮುಗೀತು? ಶಹನಾಯಿ ಎಲ್ಲಾಗ್ಯಾದ?" ಎಂದೆ ನಾನು. ಕಸಬರಿಗೆ ಹಿಡಿದು ಬಂದವನು ನನ್ನ ಕಾಲ ಬುಡಕ್ಕೆ ಗುಡಿಸತೊಡಗಿದಾಗಲೇ ನನಗೆ ವಿಷಯ ತಿಳಿದದ್ದು. ನಮ್ಮ ಹೀರೋ ಸತ್ತಿದ್ದ. ನಾನು ಹುಟ್ಟುವ ಮೊದಲೇ ಸತ್ತಿದ್ದ.

ಆ ರಜೆಯಲ್ಲಿ ನಾರಾಯಣಖೇಡಕ್ಕೆ ಹೋದಾಗ ಅತ್ತೆಯ ಅಡುಗೆಮನೆಯಲ್ಲಿ ಕೂತು ಕಿವಿಗೊಟ್ಟೆ. ಆಚೆ ಏನೋ ದುಃಖದ ಸಿನಿಮಾ. ಯಾರೋ ಸತ್ತರು, ಯಾರೋ ಅತ್ತರು, ಮರುಕ್ಷಣವೇ ಶಹನಾಯಿ! "ಕೇಳು, ಮದ್ವಿ ಆತು" ಎಂದಳು ಅತ್ತೆ ಹಂಚಿನ ಮೇಲಿನ ರೊಟ್ಟಿ ತಿರುವುತ್ತ. ನಾನು ಓಡಿ ಸಂದಿ ದಾಟಿ ಟಾಕೀಸಿನ ಬಾಗಿಲಿಗೆ ಹೋದೆ. ಜನ ಕಣ್ಣೊರೆಸಿಕೊಳ್ಳುತ್ತ ಹೊರಬರುತ್ತಿದ್ದರು, ಶಹನಾಯಿ ಬಾಗಿಲ ಮೇಲಿನ ಸ್ಪೀಕರಿನಿಂದ ಬರುತ್ತಿತ್ತು. ಗೇಟಿನವನನ್ನು ಕೇಳಿದೆ. "ಮಾಲಕರ ಹುಕುಂ ಅದರಿ ಅಕ್ಕೋರ. ಬೊಮ್ಮ ಎಂಥಾದ್ದೇ ಇರಲಿ, ಜನ ಮಂಗಳ ಕೇಳ್ಕೋತ ಹೊರಗ ಹೋಗಬೇಕು. ಅಳಕೋತ ಹೋದ್ರ ಟಾಕೀಸಿಗಿ ಛಲೋ ಅಲ್ಲಂತ" ಎಂದ. ದೈವಭಕ್ತ ಮಾಲೀಕರು ಜನ ಮನೆಗೆ ಹೋಗಲೆಂದು ಹಾಕಿಸುತ್ತಿದ್ದ ರೆಕಾರ್ಡನ್ನು ನಮ್ಮತ್ತೆ ಇಷ್ಟು ವರ್ಷ ಸಿನಿಮಾದ ಕೊನೆಯ ಸೀನೆಂದು ತಿಳಿದಿದ್ದಳು. ಎಷ್ಟು ಸತ್ತ ಹೀರೋಗಳಿಗೆ ಹೀಗೆ ಮದುವೆ ಮಾಡಿಸಿದ್ದಳೋ, ಆ ಶಿವನಿಗೇ ಗೊತ್ತು.

ಅತ್ತೆಗೆ ಏನೂ ಹೇಳದೆ ಊರಿಗೆ ಬಂದು ಅಜ್ಜಿಯ ಮುಂದೆ ನಿಂತು, "ಆಯಿ, ಅಂವ ಸತ್ತಾನ!" ಎಂದೆ.

ಆಯಿ ಮೊರ ಕೆಳಗಿಟ್ಟು, "ಅಯ್ಯ ಶಿವನೇ, ಯಾರ ಮನ್ಯಾಗ?" ಎಂದು ಸೆರಗು ಸರಿಪಡಿಸಿಕೊಂಡು ಎದ್ದೇಬಿಟ್ಟಳು. ಸತ್ತವನು ರೈಲಿನ ಕೂಲಿಯೆಂದು ತಿಳಿಸಿ ಕೂರಿಸುವಷ್ಟರಲ್ಲಿ ನನಗೆ ಸಾಕಾಯಿತು. ಪೂರ್ತಿ ಕೇಳಿದ ಮೇಲೆ ಆಯಿ ಮೊರ ಮತ್ತೆ ಎತ್ತಿಕೊಂಡು ಎರಡು ಸಲ ಕಾಳು ಕೇರಿದಳು. ಆಮೇಲೆ ಹೇಳಿದಳು. "ಲೀಲಾ, ಲಗ್ನಾದ ಹೊಸದಾಗಿ ಮಹಾನಂದಾ ಇಲ್ಲಿ ಬಂದು ಅಳತಿದ್ದಳು, ಅಲ್ಲಿ ಉಸರು ಕಟ್ಟತದ, ನಾ ಹೋಗಂಗಿಲ್ಲ ಅಂತ. ಆ ಗ್ವಾಡಿ ಆಕಿನ್ನ ಹಿಡಿದು ನಿಂದರಸ್ಯದ. ಕಡೀಕ ಛಲೋ ಆಗ್ತದ ಅಂತ ಆಕಿ ನಂಬ್ಯಾಳ, ನಮಗೂ ನಂಬಸ್ಯಾಳ. ಆಕಿ ಮುಂದ ಅಂವ ಸತ್ತಾನ ಅಂತ ಯಾರರ ಬಾಯಿ ತೆರದೀರಿ, ನೋಡ್ರಿ ಮತ್ತ!"

ಯಾರೂ ಬಾಯಿ ತೆರೆಯಲಿಲ್ಲ. ಆಯಿ ಹೋದ ಮೇಲೆ ಅವಳ ಹುಕುಂ ಇನ್ನೂ ಬಿಗಿಯಾಯಿತು. ಮನೆಮನೆಗೆ ಟಿವಿ ಬಂದ ಮೇಲಂತೂ ಇದೊಂದು ದೊಡ್ಡ ಕಾರಸ್ತಾನವೇ ಆಯಿತು. ರೈಲಿನ ಸಿನಿಮಾ ಟಿವಿಯಲ್ಲಿ ಬಂದಾಗಲೆಲ್ಲ ನಮ್ಮ ಬಳಗದ ಮನೆಗಳಲ್ಲಿ ಸರಿಯಾಗಿ ಕೊನೆಯ ರೈಲು ಕೂಗುವ ಹೊತ್ತಿಗೆ ಕರೆಂಟು ಹೋಗುತ್ತಿತ್ತು. ಸುವರ್ಣಾ ಮೀಟರಿನ ಹತ್ತಿರ ಸ್ಟೂಲು ಹಾಕಿಕೊಂಡೇ ಕೂರುತ್ತಿದ್ದಳು. "ಇದೇನು ಹಾಳು ಕರೆಂಟ, ಬರೋಬ್ಬರಿ ಮದ್ವಿ ಟೈಮಿಗೇ ಹೋಗ್ತದ" ಎಂದು ಅತ್ತೆ ಇಲಾಖೆಯವರನ್ನು ಬೈಯುತ್ತಿದ್ದಳು. ಅವರ ತಪ್ಪು ಏನೂ ಇರಲಿಲ್ಲ, ಪಾಪ. ಪುಣ್ಯಕ್ಕೆ ಅತ್ತೆಗೆ ನೋಡುವ ಹುಚ್ಚೂ ಅಷ್ಟಾಗಿ ಹತ್ತಲಿಲ್ಲ. ಟಿವಿ ಮುಂದೆ ಕೂರದೆ ಅಡುಗೆಮನೆಯಿಂದಲೇ ಕೇಳುತ್ತಾಳೆ. "ನೋಡಾಕ ಕುಂತ್ರ ಕಥಿ ತಿಳಿಯಂಗಿಲ್ಲ, ಕಣ್ಣು ಅಡ್ಡ ಬರ್ತಾವ" ಎನ್ನುತ್ತಾಳೆ.

ಇಂಥ ಮನೆಯಲ್ಲಿ ಬೆಳೆದವಳು ಸಿನಿಮಾ ವಿಷಯದಲ್ಲಿ ಉದಾರಿಯಾಗಿರಬೇಕಿತ್ತು. ನಾನು ಹಾಗಿಲ್ಲ, ಮಹಾ ಮಡಿವಂತೆ. ನನ್ನ ಅಂಗಡಿಯಲ್ಲಿ ಜ್ವರದ ಗುಳಿಗೆ ಕೇಳಿದವರಿಗೆ ಗುಳಿಗೆಯ ಜೊತೆ ಒಂದು ಅಭಿಪ್ರಾಯವನ್ನೂ ಕಟ್ಟಿಕೊಡುತ್ತೇನೆ. ಅದಕ್ಕೆ ಬಿಲ್ ಹಾಕುವುದಿಲ್ಲ. ನನ್ನ ಪ್ರಕಾರ ಗೆದ್ದ ಸಿನಿಮಾಕ್ಕೆ ಮಾಡುವ ಎರಡನೇ ಭಾಗವೆಂದರೆ ನಿನ್ನೆಯ ರೊಟ್ಟಿ. ಮುರಿದು ಒಗ್ಗರಣೆ ಹಾಕಿದರೆ ರುಚಿಯಾಗುತ್ತದೆ, ಇಲ್ಲವೆನ್ನುವುದಿಲ್ಲ. ಆದರೆ ತಂದು ಎಲೆಗೆ ಹಾಕುವಾಗ ಬಿಸಿರೊಟ್ಟಿ ಎನ್ನಬಾರದು. ಕಾದಂಬರಿಯನ್ನು ಸಿನಿಮಾ ಮಾಡುವವರ ಮೇಲಂತೂ ನನಗೆ ಹಳೆಯ ಸಿಟ್ಟಿದೆ. ವಾರಪತ್ರಿಕೆಯಲ್ಲಿ ಬರುತ್ತಿದ್ದ ಒಂದು ತೆಲುಗು ಕಾದಂಬರಿಯ ನಾಯಕಿ ನನ್ನ ಹಾಗೆ ಕಪ್ಪಗಿದ್ದಳು, ದಪ್ಪ ಕನ್ನಡಕ ಹಾಕುತ್ತಿದ್ದಳು. ಸಿನಿಮಾ ಆದಾಗ ಬೆಳ್ಳಗಾದಳು, ಕನ್ನಡಕವೂ ಹೋಯಿತು. ಬಣ್ಣಕ್ಕೆ ಕ್ಷಮಿಸಿದ್ದೇನೆ, ಕನ್ನಡಕಕ್ಕೆ ಇಂದಿಗೂ ಕ್ಷಮಿಸಿಲ್ಲ.

ರೀಮೇಕು ಮಾತ್ರ ನಮ್ಮ ಗಡಿಯವರಿಗೆ ನೆಂಟರಿದ್ದ ಹಾಗೆ. ಅದೇ ಕಥೆಯನ್ನು ಜಹೀರಾಬಾದಿನಲ್ಲಿ ತೆಲುಗಿನಲ್ಲಿ ನೋಡಿ, ಬೀದರಿಗೆ ಮದುವೆಗೆ ಹೋದಾಗ ಕನ್ನಡದಲ್ಲಿ ನೋಡಿ, ಮನೆಗೆ ಬಂದು ಟಿವಿಯಲ್ಲಿ ಹಿಂದಿಯಲ್ಲಿ ನೋಡುತ್ತೇವೆ. ಮೂರರಲ್ಲೂ ಖಳನಾಯಕ ಒಬ್ಬನೇ ಇದ್ದರೆ ಅವನ ಮೇಲೆ ಕನಿಕರ ಬರುತ್ತದೆ. ಎಷ್ಟು ಊರಲ್ಲಿ ಹೊಡೆಸಿಕೊಳ್ಳಬೇಕು!

ಹೀಗಿರುವಾಗ ರೈಲಿನ ಸಿನಿಮಾದ ಎರಡನೇ ಭಾಗ ಬರುತ್ತದೆಂಬ ಸುದ್ದಿ ಬಂತು. ಇಷ್ಟು ವರ್ಷಗಳ ಮೇಲೆ! ಟ್ರೇಲರಿನಲ್ಲಿ ಹೊಸ ಹುಡುಗನೊಬ್ಬ ತಲೆಗೆ ಕೂಲಿಯವರ ಕೆಂಪು ರುಮಾಲು ಕಟ್ಟಿಕೊಂಡು, ತಾನು ಅವನ ಮಗ ಎಂದು ಎದೆ ತಟ್ಟಿಕೊಳ್ಳುತ್ತಿದ್ದ. ನನ್ನ ಮೈಯೆಲ್ಲ ಉರಿಯಿತು. ಮದುವೆಯೇ ಆಗದೆ ಸತ್ತವನಿಗೆ ಮಗ ಎಲ್ಲಿಂದ ಬಂದ? ಊರಿಗೆ ಊರೇ ಎರಡಾಯಿತು. ನನ್ನ ಅಂಗಡಿ ಕಟ್ಟೆ ಪಂಚಾಯಿತಿ ಕಟ್ಟೆಯಾಯಿತು. ಎದುರು ಪಕ್ಷಕ್ಕೆ ಖಾಜಾ ಚಾಚಾ ಮುಖಂಡರು. ಬಸ್ ಕಂಡಕ್ಟರರಾಗಿ ರಿಟೈರಾದವರು, ಬಿಪಿ ಗುಳಿಗೆಗೆ ಬಂದು ಬಿಪಿ ಏರಿಸಿಕೊಂಡು ಹೋಗುವವರು.

"ಮಗ ಅದಾನಂದ್ರ ಅಂವ ಎಲ್ಲ್ಯೋ ಬದುಕಿರಬೇಕವ್ವ" ಎಂದರು ಚಾಚಾ.

"ಚಾಚಾ, ಎದಿಗಿ ಗುಂಡು ಬಿದ್ದದ. ಮೆಡಿಕಲ್ ನಡಸಾಕಿ ನಾ ಹೇಳಾಕತ್ತೀನಿ, ಅದಕ್ಕ ಗುಳಿಗಿ ಇಲ್ಲ."

"ಸತ್ತೋರು ಎದ್ದು ಬಂದ್ರ ಖುಷಿ ಪಡಬೇಕು ಬೇಟಾ, ಯಾರರ ಲೆಕ್ಕ ಕೇಳ್ತಾರೇನು?"

ನಾನು ಸೋಲಲಿಲ್ಲ. ಆ ಸಿನಿಮಾ ನೋಡುವುದಿಲ್ಲ, ನೋಡಿದವರು ನನ್ನ ಮುಂದೆ ಅದರ ಕಥೆ ಹೇಳಕೂಡದು ಎಂದು ಸಾರಿದೆ. ಸಿನಿಮಾ ಊರಿಗೆ ಬಂದ ಮೇಲೆ ಬಂದವರಿಗೆಲ್ಲ ಅದು ಎಷ್ಟು ಕೆಟ್ಟದಾಗಿದೆಯೆಂದು ನಾನೇ ವಿವರಿಸತೊಡಗಿದೆ. ನೋಡದೆಯೇ ಸಿನಿಮಾ ಹೇಳುವ ವಿದ್ಯೆ ನಮ್ಮ ಮನೆತನದಲ್ಲೇ ಇದೆಯಲ್ಲ.

ಆಗ ತಾಂಡೂರಿನಿಂದ ಅತ್ತೆಯ ಫೋನು ಬಂತು. ಮಾವ ತೀರಿಕೊಂಡ ಮೇಲೆ ಆಕೆ ಮಗಳ ಮನೆಯಲ್ಲೇ ಇದ್ದಾಳೆ. ವಯಸ್ಸಾಗಿದೆ, ದನಿಗೆ ಮಾತ್ರ ಆಗಿಲ್ಲ.

"ಲೀಲಾ, ರೈಲಿನ ಬೊಮ್ಮದ್ದು ಎರಡನೇದು ಬಂದದಂತಲ್ಲ? ಮಗ ದೊಡ್ಡವ ಆಗ್ಯಾನಂತ?" ಯಾರೋ ಬೀಗರ ಮನೆಯ ಹುಡುಗನನ್ನು ವಿಚಾರಿಸಿದ ಹಾಗೆ ಕೇಳಿದಳು. "ನಾಳಿ ಬರಾಕತ್ತೀನಿ. ಕರಕೊಂಡು ನಡಿ."

"ಅತ್ತಿ, ನೀವು ಟಾಕೀಸಿಗಿ ಬರಾಂಗಿಲ್ಲಲ್ರಿ? ಕಣ್ಣು ಅಡ್ಡ ಬರ್ತಾವ ಅಂತಿದ್ರಿ."

"ಅವನ ಮದ್ವಿ ಮಾಡಿಸಿದಾಕಿ ನಾ. ಮಗನ ಮಾರಿ ನೋಡಬ್ಯಾಡೇನು?"

ಎರಡನೇ ಭಾಗವೆಂದ ಮೇಲೆ ಶುರುವಿನಲ್ಲೇ ಮೊದಲನೆಯದರ ಕೊನೆಯನ್ನು ತೋರಿಸುತ್ತಾರೆ. ಅದು ನನಗೆ ಗೊತ್ತಿಲ್ಲವೆ? ಹಳಿ, ಗುಂಡು, ಹೆಣ, ಎಲ್ಲವನ್ನೂ ಅಷ್ಟು ದೊಡ್ಡ ಪರದೆಯ ಮೇಲೆ ತೋರಿಸುತ್ತಾರೆ. ಅಲ್ಲಿ ಶಹನಾಯಿ ಹಾಕುವ ಪುಣ್ಯಾತ್ಮ ಮಾಲೀಕರೂ ಇಲ್ಲ, ಮೀಟರಿನ ಹತ್ತಿರ ಸುವರ್ಣಾಳ ಸ್ಟೂಲೂ ಇಲ್ಲ. ಸುವರ್ಣಾಳಿಗೆ ಫೋನು ಮಾಡಿದರೆ ಅವಳು ನನಗಿಂತ ಹೆಚ್ಚು ಹೆದರಿದ್ದಳು. "ಬ್ಯಾರೆ ಬೊಮ್ಮಕ್ಕ ಕರಕೊಂಡು ಹೋಗು" ಎಂದಳು. ಬೇರೆ ಟಾಕೀಸಿನಲ್ಲಿ ದೆವ್ವದ ಸಿನಿಮಾ ನಡೆದಿತ್ತು. "ಅವ್ವಗ ಗುರುತು ಹತ್ತತದ, ಬ್ಯಾಡ" ಎಂದು ತಾನೇ ಹಿಂದೆ ಸರಿದಳು. ಕಡೆಗೆ ಇಬ್ಬರೂ ಕೂಡಿ, ಏನಾದರೂ ಮಾಡಿ ತಡವಾಗಿ ಹೋಗುವುದು, ಆ ಸೀನು ದಾಟಿದ ಮೇಲೆ ಒಳಗೆ ಕೂರಿಸುವುದು ಎಂದು ಗೊತ್ತುಮಾಡಿದೆವು.

ಅತ್ತೆ ಬೆಳಗಿನ ಬಸ್ಸಿಗೇ ಬಂದಿಳಿದಳು. ಕಂಕುಳಲ್ಲಿ ತಾಂಡೂರ ತೊಗರಿಬೇಳೆಯ ಚೀಲ, ಮೈಮೇಲೆ ಹಬ್ಬದ ಸೀರೆ. ನಾನು ನನ್ನ ತಂತ್ರ ಶುರುಮಾಡಿದೆ. ಸ್ನಾನ ಮಾಡ್ರಿ ಅತ್ತಿ ಎಂದೆ, ಮಾಡಿ ಬಂದೀನಿ ಎಂದಳು. ಲಿಂಗಪೂಜೆ ಎಂದೆ, ಅದೂ ಆಗಿತ್ತು. ರೊಟ್ಟಿ ಬಡಿಯಲು ಕೂತೆ, ಆಕೆ ನನ್ನನ್ನು ಪಕ್ಕಕ್ಕೆ ಸರಿಸಿ ತಾನೇ ಪಟಪಟ ಬಡಿದು ಮುಗಿಸಿದಳು. ಚಪ್ಪಲಿ ಸಿಗುತ್ತಿಲ್ಲವೆಂದು ನಾನು ಮನೆಯೆಲ್ಲ ಹುಡುಕುವಾಗ, "ಕಾಲಾಗೇ ಅದಾವಲ್ಲ" ಎಂದಳು. ಆದರೂ ಆಟೋದವನಿಗೆ ಸುತ್ತುದಾರಿ ಹಿಡಿಸಿ, ಸಾಕಷ್ಟು ತಡಮಾಡಿಯೇ ತಲುಪಿದೆ. ಒಳಗೆ ಹೋದರೆ ಹಲ್ಲಿನ ಪೇಸ್ಟಿನ ಜಾಹೀರಾತು ನಡೆದಿತ್ತು. ಅದಾದ ಮೇಲೆ ಸಿಮೆಂಟು, ಅದಾದ ಮೇಲೆ ಬಂಗಾರದಂಗಡಿ. ಇವು ಮುಗಿದು ನಾವು ಸರಿಯಾಗಿ ಕೂತ ಮೇಲೆಯೇ ಸಿನಿಮಾ ಶುರುವಾಯಿತು.

ರೈಲು ಕೂಗಿತು.

ನನ್ನ ಬಲಗೈ ಪಾಪ್‌ಕಾರ್ನಿನಲ್ಲಿ ಓಡತೊಡಗಿತು. "ಅತ್ತಿ, ಹೊರಗ ಹೋಗಿ ಚಾ ಕುಡಿದು ಬರೋಣು ನಡೀರಿ" ಎಂದೆ.

"ಕುಂಡ್ರು ಸುಮ್ಮಕ."

ಓರೆಗಣ್ಣಿನಲ್ಲಿ ನೋಡಿದೆ. ಅತ್ತೆ ಕಣ್ಣು ಮುಚ್ಚಿದ್ದಳು. ತಲೆಯನ್ನು ತುಸು ಬಲಕ್ಕೆ ವಾಲಿಸಿ, ಕಿವಿಯನ್ನು ಪರದೆಯ ಕಡೆ ಕೊಟ್ಟು ಕೂತಿದ್ದಳು. ನಾರಾಯಣಖೇಡದ ಒಲೆಯ ಮುಂದೆ ಹೀಗೇ ಕೂರುತ್ತಿದ್ದಳು. ಗುಂಡು ಹಾರಿತು. ಹೀರೋ ಹಳಿಯ ಮೇಲೆ ಬಿದ್ದ. ತಾಯಿ ಚೀರಿದಳು. ಅತ್ತೆ ಕಣ್ಣು ತೆರೆದರೆ ಎದುರಿಗೇ ಹೆಣ. ನನಗೆ ಅಳು ಬಂತು. ಸುಳ್ಳಾದರೇನು, ಈ ಒಂದು ಮಾತಿನ ಮೇಲೆ ನಾವೆಲ್ಲ ಇಷ್ಟು ದೂರ ನಡೆದು ಬಂದಿದ್ದೆವು. ಕೊಟ್ಟಿಗೆಯಿಂದ ನನ್ನನ್ನು ಎಬ್ಬಿಸಿದ ಮಾತದು. ಅದು ಟಾಕೀಸಿನವರ ರೆಕಾರ್ಡು ಅಂತ ಈ ವಯಸ್ಸಿನಲ್ಲಿ ಆಕೆಗೆ ಯಾಕೆ ತಿಳಿಯಬೇಕು? ಸಿನಿಮಾ ಮಾಡಿದವರನ್ನು ಮನಸ್ಸಿನಲ್ಲೇ ಬೈದೆ. ಒಂದಕ್ಕೇ ಸುಮ್ಮನಿರಬಾರದಿತ್ತೆ?

ಆಗ ಪರದೆಯ ಮೇಲೆ ಬಿದ್ದವನ ಬೆರಳು ಅಲುಗಿತು. ಯಾರೋ ಕೈಗಾಡಿಯಲ್ಲಿ ಹಾಕಿಕೊಂಡು ಓಡಿದರು. ಡಾಕ್ಟರು ಬಂದರು, ಗುಂಡು ಭುಜದ ಹತ್ತಿರ ಹೊಕ್ಕು ಹೊರಬಿದ್ದಿದೆ, ಬದುಕುತ್ತಾನೆ ಎಂದರು. ಮರುಕ್ಷಣ ಒಂದು ಸಣ್ಣ ಗುಡಿ, ಹೂವಿನ ಸರ, ಚಹಾದಂಗಡಿಯ ಹುಡುಗಿ ತಲೆ ತಗ್ಗಿಸಿ ನಿಂತಿದ್ದಾಳೆ. ಅದಕ್ಕೆ ಸರಿಯಾಗಿ ಶಹನಾಯಿ ಎದ್ದಿತು.

ಟಾಕೀಸೇ ಕಿತ್ತುಹೋಗುವಂತೆ ಜನ ಕೂಗಾಡಿದರು. ಕೆಲವರು ಸೀಟಿ ಹೊಡೆದರು, ಕೆಲವರು ಬೈದರು. ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತು, ಸತ್ತವನಿಗೆ ಎಂಥ ಮದುವೆಯೋ ಎಂದು ತೆಲುಗಿನಲ್ಲಿ ಒದರಿದ. ಬೇರೆ ದಿನವಾಗಿದ್ದರೆ ನಾನು ಅವನಿಗಿಂತ ಎತ್ತರಕ್ಕೆ ಒದರುತ್ತಿದ್ದೆ. ಅವತ್ತು ಅತ್ತೆಯ ಕಡೆ ತಿರುಗಿದೆ. ಎಡಗೈ ಸಡಿಲಾಗಿ ಆರಿಸಿಟ್ಟ ಕಾಳೆಲ್ಲ ನೆಲದ ಮೇಲೆ ಉರುಳಿದವು.

ಅತ್ತೆ ನಿಧಾನವಾಗಿ ಕಣ್ಣು ತೆರೆದಳು. ಪರದೆಯನ್ನು ಒಂದಿಷ್ಟು ಹೊತ್ತು ಸೂಕ್ಷ್ಮವಾಗಿ ನೋಡಿದಳು. ಅವಳಿಗೆ ಆಶ್ಚರ್ಯವೇನೂ ಆದಂತಿರಲಿಲ್ಲ.

"ಎಲ್ಲಾ ಬರೋಬ್ಬರಿ ಮಾಡ್ಯಾರ" ಎಂದಳು. "ಸೀರಿ ಒಂದು ತಪ್ಯಾರ. ನಾ ಹಸರು ಹೇಳಿದ್ದೆ, ಇವರು ಕೆಂಪು ಉಡಸ್ಯಾರ."

ಉಳಿದ ಸಿನಿಮಾ ಹೇಗಿತ್ತೆಂದು ನನ್ನನ್ನು ಕೇಳಬೇಡಿ, ನಾನು ಅತ್ತೆಯ ಮುಖವನ್ನೇ ನೋಡಿದೆ. ಮಗನ ಮುಖ ಆಕೆಗೆ ಹಿಡಿಸಿತು. ಹಾಡು ಬಂದಾಗಲೆಲ್ಲ ನನ್ನ ಕಡೆ ತಿರುಗಿ ತನ್ನ ಮಂಡಿನೋವಿನ ಕಥೆ ಹೇಳಿದಳು.

ಮರುದಿನ ಖಾಜಾ ಚಾಚಾ ಗುಳಿಗೆಗೆ ಬಂದರು. ಅವರೂ ಅಷ್ಟರಲ್ಲಿ ಸಿನಿಮಾ ನೋಡಿದ್ದರು, ಮುಖ ಸಪ್ಪಗಿತ್ತು. "ನೀ ಹೇಳಿದ್ದೇ ಖರೇ ಲೀಲವ್ವ. ಎದಿ ಮ್ಯಾಲ ಬಿದ್ದ ಗುಂಡು ಭುಜಕ್ಕ ಹೆಂಗ ಹೋತು? ನಮ್ಮನ್ನೇನು ಪಾಗಲ್ ಅಂತ ತಿಳಕೊಂಡಾರೇನು?"

ನಾನು ಗಂಭೀರವಾಗಿ ಗುಳಿಗೆ ಎಣಿಸುತ್ತ, "ಚಾಚಾ, ಸತ್ತೋರು ಎದ್ದು ಬಂದ್ರ ಖುಷಿ ಪಡಬೇಕರಿ. ಲೆಕ್ಕ ಕೇಳಬಾರದು" ಎಂದೆ. ಅವರು ಕನ್ನಡಕ ತೆಗೆದು ನನ್ನನ್ನು ದಿಟ್ಟಿಸಿ, ಗುಳಿಗೆಯ ಪೊಟ್ಟಣ ಎತ್ತಿಕೊಂಡು ಹೋದರು. ಈಗ ನಾನೇ ಎದುರು ಪಕ್ಷದ ಮುಖಂಡೆ. ಅದು ಕೆಟ್ಟ ಸಿನಿಮಾ, ನನಗೆ ಗೊತ್ತು. ಟಾಕೀಸಿನಲ್ಲಿ ಬಂದ ಮೊದಲನೇ ಭಾಗಕ್ಕೆ ಅದು ತೀರಾ ದ್ರೋಹ ಮಾಡಿದೆ. ಆದರೆ ನಮ್ಮ ಪಡಸಾಲೆಯಲ್ಲಿ ಬಂದ ಮೊದಲನೇ ಭಾಗಕ್ಕೆ ಅಷ್ಟು ನಿಯತ್ತಿನ ಎರಡನೇ ಭಾಗವನ್ನು ಬೇರೆ ಯಾರೂ ಮಾಡಲಾರರು. ಯಾರಾದರೂ ವಾದಕ್ಕೆ ಬಂದರೆ ಸೀರೆಯ ಬಣ್ಣವೊಂದನ್ನು ಒಪ್ಪಿಕೊಳ್ಳುತ್ತೇನೆ, ಉಳಿದದ್ದಕ್ಕೆ ಜಗಳವೇ.

ಅತ್ತೆಯನ್ನು ತಾಂಡೂರಿಗೆ ಬಿಡುವ ಮೊದಲು ನಾರಾಯಣಖೇಡಕ್ಕೆ ಹೋಗಿ ಬಂದೆವು, ಹಳೆಯ ಮನೆ ನೋಡಬೇಕೆಂದಳು. ಟಾಕೀಸು ಈಗ ಇಲ್ಲ, ಅದು ಫಂಕ್ಷನ್ ಹಾಲ್ ಆಗಿದೆ. ಅವತ್ತು ಯಾರದೋ ಮದುವೆ ನಡೆದಿತ್ತು. ಗೋಡೆಯಾಚೆಯಿಂದ ಶಹನಾಯಿ ಕೇಳಿಸುತ್ತಿತ್ತು. ಅತ್ತೆ ಅದನ್ನು ಕೇಳಿಯೂ ಕೇಳದವಳ ಹಾಗೆ ಹಳೆಯ ಒಲೆಯ ಜಾಗ ಹುಡುಕುತ್ತಿದ್ದಳು. ಆ ಸಪ್ಪಳ ಅಲ್ಲಿರದೆ ಇನ್ನೆಲ್ಲಿರಬೇಕು ಎಂಬ ಹಾಗೆ.

ಈ ಸಲ ತೊಗರಿ ಬಂದಾಗ ತಾಂಡೂರಿನಲ್ಲಿ ಸುವರ್ಣಾಳ ಪಡಸಾಲೆಯಲ್ಲಿ ಎಲ್ಲರೂ ಮೊರ ಹಿಡಿದು ಕೂತಿದ್ದೆವು. ಟಿವಿಯಲ್ಲಿ ಹಳೆಯ ರೈಲಿನ ಸಿನಿಮಾ ಹತ್ತಿತು. ಕೊನೆಯ ರೈಲು ಕೂಗುವ ಹೊತ್ತಿಗೆ ಸುವರ್ಣಾ ರೂಢಿಯಂತೆ ಎದ್ದು ಮೀಟರಿನ ಕಡೆ ಹೋಗಿ ಕೈಯೆತ್ತಿದಳು. ನನ್ನನ್ನು ನೋಡಿದಳು. ನಾನು ಬೇಡವೆಂದು ತಲೆಯಾಡಿಸಿದೆ. ಅವಳು ಕೈ ಇಳಿಸಿ ಬಂದು ಕೂತಳು. ನಮ್ಮ ಬಳಗದಲ್ಲಿ ಮೊದಲ ಸಲ ಆ ಸೀನಿಗೆ ಕರೆಂಟು ಉಳಿಯಿತು.

ಗುಂಡು ಹಾರಿತು. ಅವನು ಬಿದ್ದ. ತಾಯಿ ಅವನ ಮೇಲೆ ಬಿದ್ದು ಚೀರಿ ಚೀರಿ ಅತ್ತಳು. ನಾವೆಲ್ಲ ಮೊರ ಕೆಳಗಿಟ್ಟು ಅತ್ತೆಯ ಮುಖ ನೋಡಿದೆವು. ಆಕೆ ಒಂದು ಹರಳನ್ನು ಹೆಕ್ಕಿ ಪಕ್ಕಕ್ಕೆ ಒಗೆದು, ತಲೆಯೆತ್ತಿ ಟಿವಿಯೊಳಗಿನ ತಾಯಿಗೆ ಹೇಳಿದಳು.

"ಅಳಬ್ಯಾಡವ್ವ. ಶಹನಾಯಿ ಇನ್ನಾ ಆಗಿಲ್ಲ."